ಬಂಡೆ, ಹುಲ್ಲು, ಗಣಿ: ಬೆಂಗಳೂರಿನ ಚಾರಣಿಗರಿಗೆ ಮೂರು ಬಗೆಯ ನೆಲದ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಚಾರಣವೆಂದರೆ ಶನಿವಾರ ರಾತ್ರಿ ಹನ್ನೊಂದಕ್ಕೆ ಟೆಂಪೋ ಟ್ರಾವೆಲರ್ ಹತ್ತಿ, ನಿದ್ದೆಗೆಟ್ಟು, ಸೂರ್ಯ ಹುಟ್ಟುವ ಹೊತ್ತಿಗೆ ಯಾವುದೋ ಬೆಟ್ಟದ ನೆತ್ತಿಯಲ್ಲಿ ಫೋಟೋ ತೆಗೆಸಿಕೊಂಡು, ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು ಎಂಬಂತಾಗಿದೆ. ಹಾಗೆ ಹೋಗಿಬಂದವರಿಗೆ ಸಾವನದುರ್ಗವೂ ಕುದುರೆಮುಖವೂ ಒಂದೇ ಜಾತಿಯ ಬೆಟ್ಟಗಳು. ಒಂದು ಹತ್ತಿರ, ಇನ್ನೊಂದು ದೂರ, ಅಷ್ಟೆ. ನನ್ನ ಅನುಭವದಲ್ಲಿ ಕಾಲು ಕೇಳುವುದು ಬೆಟ್ಟದ ಎತ್ತರವನ್ನಲ್ಲ, ಅಡಿಯಲ್ಲಿರುವ ನೆಲ ಯಾವುದೆಂಬುದನ್ನು. ನಮ್ಮ ಊರಿನಿಂದ ಒಂದೆರಡು ದಿನಗಳಲ್ಲಿ ಹೋಗಿಬರಬಹುದಾದ ಜಾಗಗಳಲ್ಲಿ ಮುಖ್ಯವಾಗಿ ಮೂರು ಬಗೆಯ ನೆಲಗಳಿವೆ: ಸುತ್ತಲಿನ ಬೋಳುಬಂಡೆಗಳು, ಪಶ್ಚಿಮ ಘಟ್ಟದ ಹುಲ್ಲುಬೆಟ್ಟಗಳು, ಮನುಷ್ಯರು ಅಗೆದು ಬಿಟ್ಟುಹೋದ ಗಣಿ ಮತ್ತು ಕ್ವಾರಿಗಳು. ಒಂದರಲ್ಲಿ ಕಲಿತ ನಡಿಗೆ ಇನ್ನೊಂದರಲ್ಲಿ ಕೈಕೊಡುತ್ತದೆ. ಆದ್ದರಿಂದ ಈ ಲೇಖನದಲ್ಲಿ ಮೊದಲು ಮನೆಯಲ್ಲೇ ಮುಗಿಸಬೇಕಾದ ಸಿದ್ಧತೆಯನ್ನೂ, ಆಮೇಲೆ ಈ ಮೂರು ನೆಲಗಳ ಮೇಲೆ ನಡೆಯುವ ಕ್ರಮವನ್ನೂ ಹೇಳುತ್ತೇನೆ.

ಮೊದಲನೆಯ ಹೆಜ್ಜೆ: ಇಳಿಯುವ ಹೊತ್ತನ್ನು ಗೊತ್ತುಮಾಡಿ

ಹೊರಡುವ ಹೊತ್ತನ್ನು ಎಲ್ಲರೂ ಗೊತ್ತುಮಾಡುತ್ತಾರೆ. ಇಳಿಯುವ ಹೊತ್ತನ್ನು ಬೆಟ್ಟಕ್ಕೆ ಬಿಟ್ಟುಬಿಡುತ್ತಾರೆ. ಇದನ್ನು ತಿರುವುಮುರುವಾಗಿ ಮಾಡಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅಂದರೆ 600 ಮೀಟರ್ ಏರಿಕೆಯಿರುವ 10 ಕಿಲೋಮೀಟರ್ ದಾರಿಗೆ ಮೂರು ಗಂಟೆ. ಈ ಲೆಕ್ಕ ತಂಪು ನಾಡಿನ ಗಟ್ಟಿಗರದ್ದು. ನಮ್ಮ ಬಿಸಿಲು, ತಂಡದಲ್ಲಿ ಹಿಂದುಳಿಯುವ ಒಬ್ಬಿಬ್ಬರು, ಬುತ್ತಿ ಬಿಚ್ಚಿ ಕೂರುವ ಅಭ್ಯಾಸ ಎಲ್ಲವನ್ನೂ ಸೇರಿಸಿದರೆ ಅದನ್ನು ಒಂದೂವರೆ ಪಟ್ಟು ಮಾಡಿಕೊಳ್ಳುವುದು ಕ್ಷೇಮ. ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಹಿಂದಕ್ಕೆ ಎಣಿಸಿ, ಯಾವ ಗಂಟೆಗೆ ಎಲ್ಲಿದ್ದರೂ ತಿರುಗಿಬಿಡಬೇಕು ಎಂಬುದನ್ನು ಹೊರಡುವ ಮುನ್ನವೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೆತ್ತಿ ಕಣ್ಣೆದುರಿಗಿರುವಾಗ ‘ಇನ್ನು ಹತ್ತೇ ನಿಮಿಷ’ ಎನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ; ಅವರಿಗೆ ಉತ್ತರ ಹೇಳಲು ಆ ಚೀಟಿ ಬೇಕು.

ಹೋಗುವ ಜಾಗ, ಜೊತೆಗಿರುವವರ ಹೆಸರು, ಮರಳುವ ಗಂಟೆ, ಇಷ್ಟನ್ನು ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ. ತುರ್ತು ಸಹಾಯಕ್ಕೆ 112 ಸಂಖ್ಯೆಯಿದೆ. ಕರೆ ಹೋಗದ ಕಡೆಯೂ ಒಮ್ಮೊಮ್ಮೆ ಎಸ್ಸೆಮ್ಮೆಸ್ ಹೋಗುತ್ತದೆ ಎಂಬುದು ನೆನಪಿರಲಿ.

ಎರಡನೆಯ ಹೆಜ್ಜೆ: ಪರವಾನಗಿ

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲು ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಕಿಕ್ಕಿರಿದ ಚಿತ್ರಗಳನ್ನು ಹಲವರು ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ಕೆಲಕಾಲ ತಡೆಹಿಡಿದು, ಬಳಿಕ ಆನ್‌ಲೈನ್ ಬುಕಿಂಗ್ ಮೂಲಕ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೊಂದಿಗೆ ಮತ್ತೆ ತೆರೆಯಿತು. ಸ್ಕಂದಗಿರಿ, ಮಾಕಳಿದುರ್ಗ, ಕುಮಾರ ಪರ್ವತ, ಕುದುರೆಮುಖ ಮೊದಲಾದ ಅರಣ್ಯದ ದಾರಿಗಳಿಗೆ ಇಲಾಖೆಯ ಜಾಲತಾಣದಲ್ಲೇ ಟಿಕೆಟ್ ಪಡೆಯಬೇಕು. ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ, ಮಳೆಗಾಲದ ಬಿರುಸಿನಲ್ಲಿ ಭೂಕುಸಿತದ ಭಯದಿಂದ ಹಲವು ದಾರಿಗಳನ್ನು ಮುಚ್ಚುತ್ತಾರೆ. ಆದ್ದರಿಂದ ಬಸ್ಸಿನ ಸೀಟು ಕಾಯ್ದಿರಿಸುವುದಕ್ಕಿಂತ ಮೊದಲು ದಾರಿ ತೆರೆದಿದೆಯೇ ಎಂಬುದನ್ನು ನೋಡಿ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದ ರೈಲು ಹಳಿಯ ಮೇಲೆ, ಐವತ್ತಕ್ಕೂ ಹೆಚ್ಚು ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟುತ್ತಾ ನಡೆಯುವುದು ಒಂದು ಕಾಲಕ್ಕೆ ಬೆಂಗಳೂರಿನ ಯುವಕರ ಹೆಮ್ಮೆಯಾಗಿತ್ತು. ನಾನೂ ಆ ಆಸೆಗೆ ಹೊರತಾಗಿರಲಿಲ್ಲ. ಹಳಿಯ ಮೇಲೆ ಅತಿಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಸುರಂಗದ ನಡುವೆ ಸರಕು ಗಾಡಿ ಎದುರಾದರೆ ಗೋಡೆಗೆ ಒರಗಿ ಉಸಿರು ಬಿಗಿಹಿಡಿಯುವುದೊಂದೇ ದಾರಿ. ಹಳೆಯ ಬ್ಲಾಗುಗಳಲ್ಲಿ ಆ ನಡಿಗೆಯ ವರ್ಣನೆ ಓದಿದವರು ರೈಲಿನ ಕಿಟಕಿಯಿಂದಲೇ ಆ ಕಣಿವೆಯನ್ನು ನೋಡಲಿ.

ಮೂರನೆಯ ಹೆಜ್ಜೆ: ನಕ್ಷೆ ಮತ್ತು ಚೀಲ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳನ್ನು 2017ರಿಂದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಒಂದು ಸಮೋನ್ನತ ರೇಖೆಯಿಂದ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಇನ್ನೊಂದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಇಳಿಜಾರು ಸೌಮ್ಯ. ಫೋನಿನಲ್ಲಿ ತೋರುವ ಹಾದಿಯ ಗೆರೆ ಯಾರೋ ಒಬ್ಬರು ನಡೆದ ಗುರುತೇ ಹೊರತು ನೆಲದ ಸ್ವರೂಪವಲ್ಲ. ಆದರೂ ಫೋನನ್ನು ದೂರಬೇಕಿಲ್ಲ: ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಾವಿರುವ ಜಾಗವನ್ನು ಅದು ತೋರಿಸುತ್ತದೆ.

ಚೀಲದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ತಲೆಗೆ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣಗಳು, ಹಣೆಗೆ ಕಟ್ಟುವ ಟಾರ್ಚು, ಕ್ರೇಪ್ ಬ್ಯಾಂಡೇಜು, ಸೀಟಿ, ಅಗಲವಾದ ಹತ್ತಿಯ ಟವೆಲು. ತಿನ್ನಲು ಚಪಾತಿ ಸುರುಳಿ, ಹುರಿಗಡಲೆ, ಬೆಲ್ಲ. ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತದೆ, ಚಿತ್ರಾನ್ನ ತಡೆಯುತ್ತದೆ. ಪಾದರಕ್ಷೆ ಹೊಸದಾಗಿರಬಾರದು, ಅಟ್ಟೆ ಸವೆದಿರಲೂಬಾರದು.

ನಾಲ್ಕನೆಯ ಹೆಜ್ಜೆ: ಬೋಳುಬಂಡೆಯ ಮೇಲೆ

ಕಲಿಯಲು ಮೊದಲ ಜಾಗ ನಮ್ಮ ಸುತ್ತಲಿನ ಹಾಸುಬಂಡೆಗಳೇ. ರಾಮನಗರದ ಸಾಲು ಬೆಟ್ಟಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಭೂವಿಜ್ಞಾನಿಗಳು ಕರೆಯುವ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿಗೆ ಸೇರಿದವು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮಾಗಡಿಯ ಬಳಿಯ ಸಾವನದುರ್ಗ, ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದಲ್ಲಿ, ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಹೆಗಲುಗಳ ಒಂದೇ ಬಂಡೆಯಂತೆ ನಿಂತಿದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕಾವಲುಪಡೆಯಿಂದ ಈ ದುರ್ಗವನ್ನು ಕಿತ್ತುಕೊಂಡಿತು. ಹತ್ತುವ ದಾರಿಯಲ್ಲಿ ಕೋಟೆಯ ಗೋಡೆಗಳು ಇಂದಿಗೂ ಅಡ್ಡ ಸಿಗುತ್ತವೆ.

ಈ ಬಂಡೆಯ ಮೇಲೆ ಮೊದಲು ನೋಡಬೇಕಾದದ್ದು ಬಣ್ಣ. ಸಾವಿರಾರು ಪಾದಗಳು ಉಜ್ಜಿಹೋದ ಜಾಗ ತುಸು ಬಿಳಿಚಿಕೊಂಡಿರುತ್ತದೆ; ಅದೇ ದಾರಿ. ಮಳೆಗಾಲದಲ್ಲಿ ನೀರು ಹರಿದ ಜಾಗಗಳಲ್ಲಿ ಮೇಲಿಂದ ಕೆಳಕ್ಕೆ ಮಸಿ ಸುರಿದಂತೆ ಕಪ್ಪು ಪಟ್ಟೆಗಳಿರುತ್ತವೆ. ಬೆರಳಿನಿಂದ ಮುಟ್ಟಿ ನೋಡಿ: ಒಣಗಿದ್ದಾಗ ಉಪ್ಪುಕಾಗದದಷ್ಟೇ ಒರಟು, ಇಬ್ಬನಿ ಬಿದ್ದಿದ್ದರೆ ಸಾಬೂನು. ಅದು ಒಣಗಿ ಕೂತ ಪಾಚಿ. ನಾಲ್ಕು ಹನಿ ನೀರು ಸಿಕ್ಕರೆ ಜೀವ ಬಂದು ಜಾರತೊಡಗುತ್ತದೆ. ಹಾಗಾಗಿ ಬೆಳಗಿನ ಜಾವ ಬಂಡೆ ಹತ್ತುವವರು, ಸಾಹಸಕ್ಕೆ ಅದೆಷ್ಟೇ ಚೆನ್ನಾಗಿ ಕಂಡರೂ, ಕಪ್ಪು ಪಟ್ಟೆಯನ್ನು ದಾಟದೆ ಅದರ ಪಕ್ಕದಲ್ಲೇ ಏರಬೇಕು.

ಏರುವಾಗ ಅಂಗಾಲು ಪೂರ್ತಿ ಬಂಡೆಗೆ ಅಂಟುವಂತೆ ಇಡಿ. ತುದಿಗಾಲಿನ ಮೇಲೆ ಹೋದರೆ ಮೀನಖಂಡ ಅರ್ಧ ಗಂಟೆಯಲ್ಲಿ ಸೋಲುತ್ತದೆ. ಇಳಿಯುವಾಗ ಭಯದಿಂದ ಹಿಂದಕ್ಕೆ ವಾಲುವುದು ಸಹಜ, ಆದರೆ ಹಾಗೆ ವಾಲಿದಾಗಲೇ ಹಿಮ್ಮಡಿ ಜಾರುವುದು. ಮೊಣಕಾಲು ಮಡಿಸಿ, ಮೈಭಾರವನ್ನು ಪಾದದ ಮೇಲೆ ತಂದು, ಗೇಣುದ್ದದ ಹೆಜ್ಜೆಗಳಲ್ಲಿ ಓರೆಯಾಗಿ ಇಳಿಯಬೇಕು. ಸಾವನದುರ್ಗದ ದಾರಿಯಲ್ಲಿ ತಲೆಯ ಮೇಲೆ ಮಜ್ಜಿಗೆ ಬಿಂದಿಗೆ ಹೊತ್ತು ಇಳಿಯುವ ಅಕ್ಕಂದಿರನ್ನು ಹಿಂದಿನಿಂದ ಒಂದು ನಿಮಿಷ ಗಮನಿಸಿದರೆ ನಾನು ಇಲ್ಲಿ ಬರೆದದ್ದೆಲ್ಲ ಅನಗತ್ಯವಾದೀತು.

ನಾನು ಪೆಟ್ಟು ತಿಂದು ಕಲಿತ ಪಾಠವೂ ಅದೇ ಬೆಟ್ಟದ್ದು. ನೆತ್ತಿಯ ನಂದಿಮಂಟಪದಿಂದ ಹೊರಟ ನಾವು ನಾಲ್ವರು ಮಾತಿನಲ್ಲಿ ಮೈಮರೆತು ಬಂಡೆಯ ಮೇಲಿನ ಬಿಳಿ ಬಾಣದ ಗುರುತುಗಳನ್ನು ಬಿಟ್ಟು ಎಡಕ್ಕೆ ಇಳಿದೆವು. ಮೇಲಿನಿಂದ ಉಬ್ಬುಬಂಡೆಯನ್ನು ನೋಡಿದರೆ ಅದು ಹತ್ತು ಮಾರು ಮುಂದೆ ಎಷ್ಟು ಕಡಿದಾಗುತ್ತದೆ ಎಂಬುದು ಕಾಣುವುದೇ ಇಲ್ಲ. ಕಂಡಾಗ ತಿರುಗಿ ಏರುವುದಕ್ಕೂ ಕಾಲು ನಡುಗುತ್ತಿತ್ತು. ಬಂದ ದಾರಿಯನ್ನೇ ಹಿಡಿದು, ಕೈಯೂರಿ, ಒಬ್ಬೊಬ್ಬರಾಗಿ ಮೇಲೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಂದಿನಿಂದ ಏರುವಾಗ ಪ್ರತಿ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ: ಇಳಿಯುವಾಗ ಕಾಣುವ ನೋಟ ಅದೇ ಅಲ್ಲವೇ.

ಬಂಡೆಯಲ್ಲಿ ಇನ್ನೆರಡು ಎಚ್ಚರಗಳಿವೆ. ಕಡಿದಾದ ಬಂಡೆಗಳ ಸೂರಿನಡಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಕಲ್ಲೆಸೆತ ಯಾವುದೂ ಬೇಡ, ಸುಗಂಧ ಪೂಸಿಕೊಂಡು ಬರುವುದೂ ಬೇಡ. ಎದ್ದವೆಂದರೆ ಕೈಬೀಸದೆ, ಟವೆಲಿನಿಂದ ಮುಖ ಮುಚ್ಚಿಕೊಂಡು ಆ ಜಾಗ ಬಿಟ್ಟು ಓಡಬೇಕು. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿಸಿದರೆ ಬೋಳುಬಂಡೆಯ ಮೇಲೆ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು. ನೆತ್ತಿಯ ಆಸೆ ಬಿಟ್ಟು ಇಳಿಯಿರಿ. ದೊಣೆಗಳಲ್ಲಿ ನಿಂತ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ.

ಐದನೆಯ ಹೆಜ್ಜೆ: ಹುಲ್ಲುಬೆಟ್ಟದ ಮೇಲೆ

ಬಂಡೆಯ ಮೇಲೆ ಕಾಲು ಪಳಗಿದ ಮೇಲೆ ಘಟ್ಟಕ್ಕೆ ಹೊರಡಬಹುದು. ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಕುದುರೆಮುಖ ಶಿಖರ 1,894 ಮೀಟರ್ ಎತ್ತರವಿದೆ. ಬಾಳೆಗಲ್ಲಿನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ಮಾರ್ಗದರ್ಶಕರೊಂದಿಗೆ ನಡೆಯುವುದು ರೂಢಿ. ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಆದ್ದರಿಂದ ಬೆಳಗ್ಗೆ ಎಷ್ಟು ಬೇಗ ಬಿಡುತ್ತಾರೋ ಅಷ್ಟು ಬೇಗ ಹೊರಡಬೇಕು.

ಇಲ್ಲಿ ನೆಲ ಕಾಣುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನ ಅಡಿಯಲ್ಲಿ ಹಾದಿ ಗೇಣಗಲದ ಕೊರಕಲಾಗಿರುತ್ತದೆ, ಅದರಲ್ಲಿ ಮಳೆನೀರು ಬಿಡಿಸಿಟ್ಟ ಗುಂಡುಕಲ್ಲುಗಳು. ಕಣ್ಣಿಟ್ಟು ನಡೆಯುವುದಕ್ಕಿಂತ ಕೋಲಿನಿಂದ ತಡವಿ ನಡೆಯುವುದು ಮೇಲು. ಗುಡ್ಡದ ಬೆನ್ನೆಲ್ಲ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು: ಈ ಜೋಡಣೆಯೇ ತುಂಗಾ, ಭದ್ರಾ, ನೇತ್ರಾವತಿ ನದಿಗಳ ಹುಟ್ಟಿಗೆ ಆಸರೆ. ಹುಲ್ಲು ಮಳೆಯನ್ನು ಹೀರಿ ನಿಧಾನವಾಗಿ ಶೋಲಾಕ್ಕೆ ಒಸರುತ್ತದೆ. ಹಾದಿ ಬಿಟ್ಟು ಅಡ್ಡದಾರಿಯಲ್ಲಿ ಇಳಿದರೆ ಹುಲ್ಲಿನ ಬೇರು ಕಿತ್ತು, ಮುಂದಿನ ಮಳೆಗೆ ಆ ಗೀರೇ ಕೊರಕಲಾಗುತ್ತದೆ.

ಘಟ್ಟದಲ್ಲಿ ಮುಖ್ಯ ಎದುರಾಳಿ ಕಾವಳ. ಹತ್ತು ನಿಮಿಷದಲ್ಲಿ ಬಂದು ಎದುರಿನವರ ಬೆನ್ನನ್ನೇ ಮರೆಮಾಡುತ್ತದೆ. ಆಗ ಮಾಡಬೇಕಾದದ್ದು ಏನೂ ಮಾಡದಿರುವುದು: ಎಲ್ಲರೂ ಒಟ್ಟಿಗೆ ಕೂತು, ಸೀಟಿ ಊದಿ ತಲೆ ಎಣಿಸಿ, ಕಾಯಬೇಕು. ಕಳೆದುಹೋದವರು ಹೊಳೆಯ ಸದ್ದು ಹಿಡಿದು ಕೆಳಗಿಳಿಯಬೇಕು ಎಂಬ ಮಾತು ಬಯಲುಸೀಮೆಯಲ್ಲಿ ನಡೆದೀತು. ಇಲ್ಲಿ ಆ ಹೊಳೆ ಶೋಲಾದೊಳಗೆ ನುಗ್ಗಿ, ಮುಂದೆ ಅಬ್ಬಿಯಾಗಿ ಧುಮುಕುತ್ತದೆ, ಮತ್ತು ಆ ಕಾಡಿನ ನೆರಳಿನಲ್ಲಿ ಕಾಟಿಗಳು ಮಲಗಿರುತ್ತವೆ. ದಾರಿ ತಪ್ಪಿದರೆ ದಿಣ್ಣೆಯ ಬೆನ್ನು ಬಿಡಬೇಡಿ.

ಇಂಬಳಗಳ ವಿಷಯದಲ್ಲಿ ಪಟ್ಟಣದವರ ಕಿರುಚಾಟಕ್ಕೆ ಮಲೆನಾಡಿನವರು ನಗುವುದು ನ್ಯಾಯವೇ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕಾಲುಚೀಲಕ್ಕೆ ಉಪ್ಪನ್ನೋ ಹೊಗೆಸೊಪ್ಪಿನ ಪುಡಿಯನ್ನೋ ತಿಕ್ಕಿದರೆ ಸಾಕು. ಕಚ್ಚಿದ್ದನ್ನು ಎಳೆದು ಕೀಳದೆ ಉಗುರಿನಿಂದ ಬಾಯಿಯ ಬುಡದಲ್ಲಿ ಸರಿಸಿ ಬಿಡಿಸಿ. ಹಾವಿನ ಕಡಿತ ಅಪರೂಪ. ಒಂದು ವೇಳೆ ಕಚ್ಚಿದರೆ, ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ಕೂಡದು. ಕಡಿತವಾದ ಅಂಗ ಅಲುಗದಂತೆ ಕೋಲಿಗೆ ಸೇರಿಸಿ ಸಡಿಲವಾಗಿ ಕಟ್ಟಿ, ರೋಗಿಯನ್ನು ನಡೆಸದೆ ಹೊತ್ತು, ವಿಷಹಾರಿ ಔಷಧಿಯಿರುವ ಆಸ್ಪತ್ರೆಗೆ ಸಾಗಿಸಬೇಕು.

ಇಷ್ಟು ಹಸಿರಿನ ನಡುವೆಯೂ ಇದು ಗಣಿ ನಾಡೆಂಬುದನ್ನು ಮರೆಯಲಾಗದು. 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಇಲ್ಲಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ತೆಗೆದುಳಿದ ಹೂಳನ್ನು ತಡೆದ ಲಕ್ಯಾ ಅಣೆಕಟ್ಟು ಇಂದಿಗೂ ನಿಂತಿದೆ. ಗಣಿ ಪ್ರದೇಶದೊಳಗೆ ಚಾರಣಿಗರಿಗೆ ಪ್ರವೇಶವಿಲ್ಲ; ಗಣಿ ನೆಲದ ಮೇಲೆಯೇ ನಡೆಯಬೇಕೆಂದರೆ ಬೆಂಗಳೂರಿಗೆ ಹತ್ತಿರದ ಕೆಜಿಎಫ್ ಇದೆ.

ಆರನೆಯ ಹೆಜ್ಜೆ: ಗಣಿ ಮತ್ತು ಕ್ವಾರಿಗಳ ನೆಲ

ಕ್ವಾರಿಗಳಿಂದ ಆರಂಭಿಸೋಣ. ಬೆಂಗಳೂರಿನ ಸುತ್ತ ಬಂಡೆಯಿದ್ದಲ್ಲೆಲ್ಲ ಕ್ವಾರಿಯೂ ಇದೆ. ಹಳೆಯ ಬಂಡೆಯ ಅಂಚಿನಲ್ಲಿ ಹೆಬ್ಬೆರಳು ಹಿಡಿಸುವಷ್ಟು ಆಯತಾಕಾರದ ಗುಳಿಗಳು ಹೊಲಿಗೆ ಹಾಕಿದಂತೆ ಸಾಲಾಗಿ ಕಾಣಿಸಿದರೆ, ಅದು ಕಲ್ಲುಕುಟಿಗರು ಬೆಣೆ ಹೊಡೆದು ಕಲ್ಲನ್ನು ಸೀಳಿದ ಗುರುತು. ಕೆಲವೆಡೆ ಗುಳಿ ತೋಡಿ ಸೀಳದೆ ಬಿಟ್ಟ ಸಾಲುಗಳೂ ಸಿಗುತ್ತವೆ. ನೋಡಲು ಸೊಗಸು. ಆದರೆ ಆ ಗುರುತು ಕಂಡ ಕೂಡಲೇ ಹೆಜ್ಜೆ ನಿಧಾನವಾಗಬೇಕು, ಏಕೆಂದರೆ ಮುಂದೆಲ್ಲೋ ನೆಲ ನೇರವಾಗಿ ಕಡಿದುಹೋಗಿರುತ್ತದೆ. ನೀರು ತುಂಬಿದ ಕ್ವಾರಿ ಹೊಂಡಕ್ಕೆ ಕೆರೆಯಂತೆ ಇಳಿಜಾರು ದಡವಿಲ್ಲ. ಮೊದಲ ಹೆಜ್ಜೆಯಲ್ಲೇ ಆಳ. ಈಜಲು ಇಳಿಯಲೇಬೇಡಿ.

ಕೆಜಿಎಫ್ ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ಬಂಗಾರಪೇಟೆಯಿಂದ ಕವಲೊಡೆಯುವ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ, ಬೆಂಗಳೂರಿನಿಂದ ರೈಲುಗಳಿವೆ. ಕಾರು ಬೇಡ ಎಂಬುದು ನನ್ನ ಸಲಹೆ. ಗಣಿಗಳಿಗಾಗಿ ಹಾಕಿದ ಹಳಿಯ ಮೇಲೆ ಕೂತು ಆ ಊರನ್ನು ಪ್ರವೇಶಿಸಿದರೆ ಅರ್ಧ ಇತಿಹಾಸ ಕಿಟಕಿಯಲ್ಲೇ ತಿಳಿಯುತ್ತದೆ. ನಮ್ಮ ಲ್ಯಾವೆಲ್ ರಸ್ತೆಯ ಹೆಸರಿಗೆ ಕಾರಣನಾದ ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಇಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ; 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು; 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ, ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ನಡಿಗೆಯನ್ನು ಊರಿನ ರಸ್ತೆಗಳಿಗೇ ಸೀಮಿತಗೊಳಿಸಿ. ಅದರಲ್ಲೇ ಬೇಕಾದಷ್ಟು ಇದೆ. ಗಣಿಬಾಯಿಯ ಮೇಲಿನ ಉಕ್ಕಿನ ಗೋಪುರಗಳು, ಮೇಲಧಿಕಾರಿಗಳ ಬಂಗಲೆಗಳು, ಕಾರ್ಮಿಕರ ‘ಲೈನು’ಗಳು, ಅವುಗಳ ಹಿಂದೆ ‘ಸೈನೈಡ್ ದಿಬ್ಬ’ಗಳೆಂದು ಊರವರು ಕರೆಯುವ ಬೂದುಬಣ್ಣದ ಗುಡ್ಡಗಳು. ಇವು ಬೆಟ್ಟಗಳಲ್ಲ: ಅದಿರನ್ನು ಅರೆದು, ಸೈನೈಡಿನಿಂದ ಚಿನ್ನ ಬಸಿದು, ಉಳಿದ ಹಿಟ್ಟನ್ನು ನೂರಕ್ಕೂ ಹೆಚ್ಚು ವರ್ಷ ಸುರಿದ ರಾಶಿಗಳು. ದೂರದಿಂದ ಹತ್ತಬೇಕೆನಿಸುತ್ತದೆ. ಮಳೆ ಅವುಗಳ ಮೈಯನ್ನು ಆಳುದ್ದದ ಸೀಳುಗಳಾಗಿ ಕೊರೆದಿದೆ. ಸೀಳಿನ ಅಂಚು ಮೇಲೆ ಗಟ್ಟಿ, ಒಳಗೆ ಟೊಳ್ಳು, ಒಬ್ಬರ ಭಾರಕ್ಕೆ ಕುಸಿಯುತ್ತದೆ. ಒಣ ತಿಂಗಳುಗಳಲ್ಲಿ ಗಾಳಿ ಎದ್ದರೆ ಆ ಹಿಟ್ಟು ಮೋಡವಾಗಿ ಬರುತ್ತದೆ. ಕಲ್ಲಿನ ಇಂಥ ನಯವಾದ ದೂಳೇ ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ತಿಂದದ್ದು. ಆದ್ದರಿಂದ ದಿಬ್ಬ ಹತ್ತಬೇಡಿ, ಅದರ ಬುಡದಲ್ಲಿ ನಿಂತ ನೀರನ್ನು ಮುಟ್ಟಬೇಡಿ, ಗಾಳಿ ಬೀಸಿ ಬರುವ ಮಗ್ಗುಲಿನಲ್ಲಿ ಮಾಸ್ಕ್ ಹಾಕಿ ನಡೆಯಿರಿ. ಮಳೆ ನಿಂತ ಮರುವಾರ ಹೋದರೆ ದೂಳು ಕಡಿಮೆ.

ಬೇಲಿ ಹರಿದಿದ್ದರೂ ಬೇಲಿ ಬೇಲಿಯೇ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಹಳೆಯ ಗಣಿಬಾಯಿಗಳ ಸುತ್ತ ಪೊದೆ ಬೆಳೆದ ನೆಲ ಗಟ್ಟಿಯೋ ಟೊಳ್ಳೋ ಎಂಬುದು ಮೇಲಿನಿಂದ ತಿಳಿಯದು. ಲೈನು ಮನೆಗಳ ಮುಂದೆ ಕ್ಯಾಮೆರಾ ಎತ್ತುವ ಮುನ್ನ ಕೇಳಿ, ಅವು ಪಾಳು ಅವಶೇಷಗಳಲ್ಲ, ಜನ ಬಾಳುತ್ತಿರುವ ಮನೆಗಳು. ಅಲ್ಲಿ ತಮಿಳು ಹೆಚ್ಚು, ತೆಲುಗು ಕನ್ನಡ ಎರಡೂ ನಡೆಯುತ್ತವೆ; ಜಗುಲಿಯ ಮೇಲೆ ಕೂತ ಹಿರಿಯರಿಗೆ ‘ನಮಸ್ಕಾರ ಅಣ್ಣ, ನೀವೂ ಕೆಳಗೆ ಇಳಿದಿದ್ದಿರಾ?’ ಎಂದು ಕೇಳಿದರೆ ಒಂದು ಗಂಟೆ ಹೋದದ್ದು ತಿಳಿಯುವುದಿಲ್ಲ. ಆ ಗಂಟೆಯನ್ನೂ ಚೀಟಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಏಕೆಂದರೆ ಮಾರಿಕುಪ್ಪಂನಿಂದ ಹಿಂದಿರುಗುವ ರೈಲುಗಳು ಬೆರಳೆಣಿಕೆಯಷ್ಟು. ಮನೆಗೆ ಬಂದ ಮೇಲೆ ಶೂಗಳನ್ನು ಬಾಗಿಲ ಹೊರಗೇ ಬಿಟ್ಟು, ಒಣ ಬ್ರಷ್ಷಿನಿಂದ ಉಜ್ಜದೆ, ಒದ್ದೆ ಬಟ್ಟೆಯಿಂದ ಒರೆಸಿ; ಅಟ್ಟೆಯ ಗೆರೆಗಳಲ್ಲಿ ಆ ಬೂದು ಹಿಟ್ಟು ಇನ್ನೂ ಉಳಿದಿರುತ್ತದೆ.